ನಾಲ್ಕನೇ ಗಂಟೆಯ ನಂತರದ ಬೈಕ್

ದೂರದ ದಾರಿಗೂ ಒರಟು ದಾರಿಗೂ ಒಗ್ಗುವ ಹೊಸ ಅಡ್ವೆಂಚರ್ ಬೈಕ್ ಕೊಳ್ಳಲು ಹೊರಟಿರುವ ಗೆಳೆಯನೊಬ್ಬ ಒಂದು ಪಟ್ಟಿ ತಂದು ನನ್ನ ಮುಂದಿಟ್ಟ. ಎಡಗಡೆ ಹೆಸರುಗಳು: ಬಿಎಂಡಬ್ಲ್ಯು ಜಿಎಸ್, ಹೋಂಡಾ ಆಫ್ರಿಕಾ ಟ್ವಿನ್, ಟ್ರಯಂಫ್ ಟೈಗರ್, ಯಮಹಾ ಟೆನೆರೆ, ಸುಜುಕಿ ವಿ-ಸ್ಟ್ರೋಮ್, ಮೋಟೋ ಗುಜ್ಜಿ. ಮೇಲ್ಗಡೆ ಮೂರು ಅಂಕಣಗಳು: ಆರಾಮ, ವ್ಯಕ್ತಿತ್ವ, ಬಾಳಿಕೆ. ಪ್ರತಿಯೊಂದಕ್ಕೂ ಹತ್ತಕ್ಕೆ ಎಷ್ಟು ಅಂಕ ಎಂಬುದು ಅವನ ಪ್ರಶ್ನೆ. ಇವುಗಳಲ್ಲಿ ಹೆಚ್ಚಿನವನ್ನು ನಾನು ಓಡಿಸಿದ್ದೇನೆ, ಕೆಲವನ್ನು ಮೈಯೆಲ್ಲ ಧೂಳಾಗುವಷ್ಟು ದೂರ. ಆದರೂ ಅಂಕ ಹಾಕಲು ಕೈ ಏಳಲಿಲ್ಲ. ಅವನು ಹೋದ ಮೇಲೂ ಆ ಪಟ್ಟಿ ತಲೆಯಲ್ಲಿ ಉಳಿಯಿತು. ಅಂಕ ಕೊಡುವುದು ಕಷ್ಟವೆಂದಲ್ಲ. ಮೂರು ಅಂಕಣಗಳ ನಡುವೆ ಅವನು ಎಳೆದಿದ್ದ ಗೆರೆಗಳೇ ನನಗೆ ಒಪ್ಪಿಗೆಯಾಗಿರಲಿಲ್ಲ. ಆರಾಮದ ಬೈಕ್ ಬೇರೆ, ಗುಣವಿರುವ ಬೈಕ್ ಬೇರೆ, ಕೈಕೊಡದ ಬೈಕ್ ಬೇರೆ, ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಸ್ವಲ್ಪ ಬಿಡಬೇಕು ಎಂಬ ಲೆಕ್ಕ ಬೈಕ್ ಸವಾರರ ಮಾತುಕತೆಯಲ್ಲೆಲ್ಲ ಓಡಾಡುತ್ತದೆ. ದೂರದ ದಾರಿಯಲ್ಲಿ ನನಗೆ ಕಂಡದ್ದು ಬೇರೆ. ಬೈಕ್ ತನ್ನ ಸ್ಥಿತಿಯನ್ನು ಸವಾರನಿಗೆ ಎಷ್ಟು ಸ್ಪಷ್ಟವಾಗಿ ತಿಳಿಸುತ್ತದೆ, ಅದನ್ನು ಗ್ರಹಿಸುವಷ್ಟು ಎಚ್ಚರವನ್ನು ಅವನಲ್ಲಿ ಎಷ್ಟು ಹೊತ್ತು ಉಳಿಸುತ್ತದೆ ಎಂಬ ಒಂದೇ ವಿಷಯದ ಸುತ್ತ ಈ ಮೂರೂ ತಿರುಗುತ್ತವೆ.

ಆರಾಮವನ್ನು ಮೊದಲ ಹತ್ತು ನಿಮಿಷದಲ್ಲಿ ಅಳೆಯಲು ಹೊರಟರೆ ಮೋಸ ಹೋಗುವುದು ಖಂಡಿತ. ಮೆತ್ತನೆಯ ಸೀಟು ಆರಂಭದಲ್ಲಿ ಹಿತವಾಗಿಯೇ ಇರುತ್ತದೆ. ಎರಡು ಗಂಟೆ ಕಳೆಯುವ ಹೊತ್ತಿಗೆ ಒಳಗಿನ ಫೋಮ್ ಪೂರ್ತಿ ಅದುಮಿಹೋಗಿ, ಕೂರುವ ಮೂಳೆಗಳು ಸೀಟಿನ ತಳವನ್ನೇ ಹುಡುಕಿಕೊಂಡು ಹೋಗುತ್ತವೆ. ಬಿಗಿಯಾದ, ಹಿಂಭಾಗದಲ್ಲಿ ಅಗಲವಾದ ಸೀಟು ಮೊದಲಿಗೆ ಒರಟೆನಿಸಿದರೂ ಭಾರವನ್ನು ಹರಡಿಕೊಳ್ಳುತ್ತದೆ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಸವಾರ ಟ್ಯಾಂಕಿನತ್ತ ಜಾರುತ್ತಾನೆ, ಮತ್ತೆ ಹಿಂದೆ ಸರಿಯುತ್ತಾನೆ, ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮಂಡಿ ಎಷ್ಟು ಮಡಚುತ್ತದೆ, ಹ್ಯಾಂಡಲ್ ಎಷ್ಟು ದೂರವಿದೆ, ಎದ್ದು ನಿಂತಾಗ ಬೆನ್ನು ಬಾಗಬೇಕಾಗುತ್ತದೆಯೇ ಎಂಬುದೆಲ್ಲ ಅಳತೆಯ ಮಾತು, ಆಯಾ ಮೈಕಟ್ಟಿಗೆ ಸೇರಿದ್ದು. ಅದನ್ನು ಹೊಂದಿಸಿಕೊಳ್ಳಬಹುದು. ನಾನು ಹೆಚ್ಚು ತಲೆ ಕೆಡಿಸಿಕೊಂಡಿರುವುದು ಗಾಳಿಯ ಬಗ್ಗೆ.

ಗಾಳಿ ತೆಗೆದುಕೊಳ್ಳುವ ಸುಂಕ

ಒಮ್ಮೆ ಉದ್ದನೆಯ ಬಯಲು ಹೆದ್ದಾರಿಯಲ್ಲಿ ಎದುರುಗಾಳಿಗೆ ಸಿಕ್ಕಿಕೊಂಡೆ. ಬೈಕಿಗೆ ಎತ್ತರದ ವಿಂಡ್‌ಸ್ಕ್ರೀನ್ ಇತ್ತು, ಎದೆಗೆ ಗಾಳಿ ತಾಗುತ್ತಿರಲಿಲ್ಲ. ಆದರೆ ಸ್ಕ್ರೀನಿನ ಮೇಲಂಚಿನಿಂದ ಸಿಡಿದ ಸುಳಿಗಳು ನೇರವಾಗಿ ಹೆಲ್ಮೆಟ್ಟಿನ ಹಣೆಗೆ ಬಂದು ಬಡಿಯುತ್ತಿದ್ದವು. ತಲೆ ಸಣ್ಣಗೆ ಅದುರುತ್ತಿತ್ತು. ದೂರದ ಫಲಕಗಳ ಮೇಲಿನ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯ ಹಿಂಭಾಗ ಕಲ್ಲಿನಂತಾಗಿತ್ತು. ಕಾಲು ಸಡಿಲಿಸಿಕೊಳ್ಳಲೆಂದು ಫುಟ್‌ಪೆಗ್‌ಗಳ ಮೇಲೆ ಎದ್ದು ನಿಂತೆ. ತಲೆ ಸ್ಕ್ರೀನನ್ನು ದಾಟಿ ಬಯಲುಗಾಳಿಗೆ ಹೋದೊಡನೆ ಅದುರಾಟ ನಿಂತುಹೋಯಿತು. ಒತ್ತಡ ಹೆಚ್ಚಿತ್ತು, ಜಾಕೆಟ್ಟಿನ ತೋಳು ಪಟಪಟಿಸುತ್ತಿತ್ತು, ಆದರೆ ಗಾಳಿಯ ಸದ್ದು ಒಂದೇ ಶ್ರುತಿಗೆ ಬಂದಿತ್ತು, ಅಕ್ಷರಗಳು ಮತ್ತೆ ಒಂದಾದವು. ಮುಂದಿನ ನಿಲುಗಡೆಯಲ್ಲಿ ಸ್ಕ್ರೀನನ್ನು ತೀರಾ ಕೆಳಗಿನ ರಂಧ್ರಗಳಿಗೆ ಇಳಿಸಿ ಬೋಲ್ಟ್ ಬಿಗಿದೆ. ಎದೆಗೆ ಗಾಳಿ ಬಡಿಯಿತು, ತಲೆ ನೆಮ್ಮದಿಯಾಯಿತು. ಅಂದಿನ ಉಳಿದ ದಾರಿಯನ್ನು ಹಗುರವಾದ ಮನಸ್ಸಿನಿಂದ ಕ್ರಮಿಸಿದೆ.

ಇದರಲ್ಲಿ ಗುಟ್ಟೇನೂ ಇಲ್ಲ. ಸ್ಕ್ರೀನಿನ ಹಿಂದೆ ಗಾಳಿಯ ಒತ್ತಡ ಇಳಿಯುತ್ತದೆ, ಆ ಪೊಳ್ಳನ್ನು ತುಂಬಲು ಅಂಚುಗಳಿಂದ ಗಾಳಿ ಸುಳಿ ಸುತ್ತಿಕೊಂಡು ಒಳನುಗ್ಗುತ್ತದೆ. ಅದಕ್ಕೇ ಸ್ಕ್ರೀನಿನ ಬುಡದಲ್ಲಿ ಸ್ವಲ್ಪ ಸಂದು ಬಿಟ್ಟು ಗಾಳಿಯನ್ನು ಒಳಗೆ ಬರಲು ಬಿಡುವ ವಿನ್ಯಾಸಗಳು ಹೆಚ್ಚು ಶಾಂತವಾಗಿರುತ್ತವೆ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಸದ್ದು 95 ಡೆಸಿಬೆಲ್‌ ದಾಟುವುದು ಸಾಮಾನ್ಯ. ಕಾರ್ಖಾನೆಗಳಲ್ಲಿ ಕಿವಿಯ ರಕ್ಷಣೆ ಬೇಕೆನ್ನುವ ಮಟ್ಟ 85. ಕಿವಿಗೆ ಇಯರ್‌ಪ್ಲಗ್ ಹಾಕದೆ ದಿನವಿಡೀ ಓಡಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಕಳವಳವಾಗುತ್ತದೆ. ಕಿವಿ ಹೋಗುವುದು ಒಂದು ಕಡೆ, ದಣಿವು ಇನ್ನೊಂದು ಕಡೆ. ಅದುರುವ ತಲೆಗೆ, ಗುಂಯ್‌ಗುಡುವ ಕಿವಿಗೆ ಚೈನಿನ ಸದ್ದು ಬದಲಾದದ್ದು ತಿಳಿಯುವುದಿಲ್ಲ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಾದದ್ದು ಹ್ಯಾಂಡಲಿನಲ್ಲಿ ತಿಳಿಯುವುದಿಲ್ಲ. ಆರಾಮವನ್ನು ನಾನು ಐಷಾರಾಮದ ಲೆಕ್ಕಕ್ಕೆ ಸೇರಿಸದಿರುವುದು ಇದೇ ಕಾರಣಕ್ಕೆ.

ಸಸ್ಪೆನ್ಷನ್ ವಿಷಯಕ್ಕೆ ಬಂದರೆ ಮಾತು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಬಿಎಂಡಬ್ಲ್ಯು ತನ್ನ ಬಾಕ್ಸರ್ (ಎರಡು ಸಿಲಿಂಡರ್‌ಗಳು ಎಡಕ್ಕೊಂದು ಬಲಕ್ಕೊಂದು ಚಾಚಿರುವ ಎಂಜಿನ್) ಜಿಎಸ್‌ಗಳಲ್ಲಿ 1994ರ ಆರ್1100ಜಿಎಸ್ ಕಾಲದಿಂದಲೂ ಮುಂಭಾಗಕ್ಕೆ ಟೆಲಿಲಿವರ್ ಬಳಸುತ್ತಿದೆ. ಬ್ರೇಕ್ ಹಿಡಿದಾಗ ಮುಂಭಾಗ ಮುಗ್ಗರಿಸದಂತೆ, ಆ ಬಲವನ್ನು ಸ್ಪ್ರಿಂಗಿನಿಂದ ಬೇರ್ಪಡಿಸುವ ವ್ಯವಸ್ಥೆ ಇದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡು ಕಡೆ ಪೆಟ್ಟಿಗೆ ತುಂಬಿ, ತಿರುವುಗಳ ಇಳಿಜಾರು ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಹಿಂದೆ ಕುಳಿತವರ ಹೆಲ್ಮೆಟ್ ನಮ್ಮ ಹೆಲ್ಮೆಟ್ಟಿಗೆ ಬಂದು ತಟ್ಟುವುದಿಲ್ಲ. ಆದರೆ ಸಡಿಲ ಜಲ್ಲಿಯ ಮೇಲೆ ನನಗೆ ಸಾಮಾನ್ಯ ಫೋರ್ಕ್ ಇಷ್ಟ. ಅದು ಮುಗ್ಗರಿಸುತ್ತದೆ ನಿಜ, ಆ ಮುಗ್ಗರಿಸುವಿಕೆಯಲ್ಲೇ ಮುಂದಿನ ಚಕ್ರಕ್ಕೆ ಎಷ್ಟು ಹಿಡಿತವಿದೆ ಎಂಬುದು ಕೈಗೆ ತಿಳಿಯುತ್ತದೆ. ಟೆಲಿಲಿವರಿನಲ್ಲಿ ಆ ಸುದ್ದಿ ಸ್ವಲ್ಪ ಮಂದವಾಗಿ ತಲುಪುತ್ತದೆ. ವರ್ಷಗಟ್ಟಲೆ ಅದನ್ನೇ ಓಡಿಸಿದವರಿಗೆ ಆ ಮಂದ ಸುದ್ದಿಯೂ ಸಾಕಾಗುತ್ತದೆ. ಅವರು ನನಗಿಂತ ವೇಗವಾಗಿ ಜಲ್ಲಿ ಇಳಿಯುವುದನ್ನು ನೋಡಿದ್ದೇನೆ.

ಮಿಡಿತದ ಹಿಂದಿನ ಲೆಕ್ಕ

ವ್ಯಕ್ತಿತ್ವ ಎಂದೊಡನೆ ಎಲ್ಲರೂ ಸೈಲೆನ್ಸರ್ ಸದ್ದಿನ ಬಗ್ಗೆ ಮಾತನಾಡುತ್ತಾರೆ. ಸದ್ದು ಅದರ ಹೊರಮೈ ಮಾತ್ರ. ಎಂಜಿನ್ ಯಾವ ಅಂತರದಲ್ಲಿ ಸಿಡಿಯುತ್ತದೆ, ಆ ಸಿಡಿತಗಳು ಹಿಂದಿನ ಚಕ್ರವನ್ನು ಹೇಗೆ ತಳ್ಳುತ್ತವೆ ಎಂಬಲ್ಲಿ ಅದರ ಬೇರಿದೆ. ಅಕ್ಕಪಕ್ಕ ನಿಂತ ಎರಡು ಸಿಲಿಂಡರ್‌ಗಳ ಕ್ರ್ಯಾಂಕ್ ಪಿನ್‌ಗಳನ್ನು (ಪಿಸ್ಟನ್‌ಗಳ ತಳ್ಳಿಕೆಯನ್ನು ತಿರುಗುವ ದಂಡಕ್ಕೆ ದಾಟಿಸುವ ಗೂಟಗಳನ್ನು) 270 ಡಿಗ್ರಿ ಅಂತರದಲ್ಲಿಟ್ಟರೆ ಸಿಡಿತಗಳು 270 ಮತ್ತು 450 ಡಿಗ್ರಿಗಳ ಅಸಮ ಅಂತರದಲ್ಲಿ ಬೀಳುತ್ತವೆ. ಎರಡು ಸಿಲಿಂಡರ್‌ಗಳು ವಿ ಆಕಾರದಲ್ಲಿ ನಿಂತ 90 ಡಿಗ್ರಿಯ ವಿ-ಟ್ವಿನ್ ಸಿಡಿಯುವುದೂ ಹೀಗೆಯೇ. ಯಮಹಾ 1995ರ ಟಿಆರ್‌ಎಕ್ಸ್850ರಲ್ಲಿ ಈ ಜೋಡಣೆಯನ್ನು ತಂದಿತು. ಇಂದು ಟೆನೆರೆ 700ರ 689 ಸಿಸಿ ಎಂಜಿನ್, ಹೋಂಡಾದ ಈಗಿನ ಆಫ್ರಿಕಾ ಟ್ವಿನ್, ಸುಜುಕಿಯ ವಿ-ಸ್ಟ್ರೋಮ್ 800 ಎಲ್ಲವೂ ಇದೇ ದಾರಿ ಹಿಡಿದಿವೆ. ಮೂರು ಸಿಲಿಂಡರಿನ ಟ್ರಯಂಫ್ ಟೈಗರ್ ಕೂಡ ತನ್ನದೇ ರೀತಿಯಲ್ಲಿ ಅಸಮ ಸಿಡಿತಕ್ಕೆ ಬಂದಿದೆ. ಹಳೆಯ ಟೈಗರ್ 800 ಸಮ ಅಂತರದಲ್ಲಿ, ನಯವಾಗಿ ಹಾಡುತ್ತಿತ್ತು. 2020ರಲ್ಲಿ ಟೈಗರ್ 900 ಬಂದಾಗ ಕ್ರ್ಯಾಂಕನ್ನು ಬದಲಿಸಿ ಬೇಕೆಂದೇ ಆ ಸಮತೆಯನ್ನು ಕೆಡಿಸಿದರು.

ನಯವಾಗಿದ್ದ ಎಂಜಿನನ್ನು ಇಷ್ಟು ಶ್ರಮಪಟ್ಟು ಒರಟಾಗಿಸುವುದೇಕೆ ಎಂದು ಮೊದಲು ನನಗೂ ಅನಿಸಿತ್ತು. ಉತ್ತರ ಸಿಕ್ಕಿದ್ದು ಒದ್ದೆ ಮಣ್ಣಿನ ಏರಿನಲ್ಲಿ. ಎರಡನೇ ಗೇರಿನಲ್ಲಿ, ಎಂಜಿನ್ ಇನ್ನೇನು ನಿಂತೀತು ಎನ್ನುವಷ್ಟು ನಿಧಾನವಾಗಿ ಹತ್ತುವಾಗ, ಪ್ರತಿ ತಳ್ಳಿಕೆಯೂ ಅಂಗಾಲಿಗೆ ಬಿಡಿಬಿಡಿಯಾಗಿ ತಿಳಿಯುತ್ತದೆ. ಚಕ್ರ ಜಾರಲು ತೊಡಗಿದ ಕ್ಷಣದಲ್ಲಿ ಆ ತಾಳ ತಪ್ಪುತ್ತದೆ, ಕಿವಿಗಿಂತ ಮೊದಲು ಕಾಲಿಗೆ ಅದು ಗೊತ್ತಾಗುತ್ತದೆ, ಬಲಗೈ ತಾನಾಗಿಯೇ ಥ್ರಾಟಲ್ ಸಡಿಲಿಸುತ್ತದೆ. ಸಮನಾಗಿ ಗುಂಯ್‌ಗುಡುವ ಎಂಜಿನಿನಲ್ಲಿ ಈ ಮುನ್ಸೂಚನೆ ಸಿಗುವುದು ತಡ. ಬಿಎಂಡಬ್ಲ್ಯು ಬಾಕ್ಸರ್ ನಿಂತಲ್ಲೇ ಥ್ರಾಟಲ್ ತಿರುಗಿಸಿದರೆ ಒಂದು ಪಕ್ಕಕ್ಕೆ ವಾಲುತ್ತದೆ, ಬೈಕಿನ ಉದ್ದಕ್ಕೆ ಕೂತು ಸುತ್ತುವ ಕ್ರ್ಯಾಂಕ್‌ಶಾಫ್ಟಿನ ಪ್ರತಿಕ್ರಿಯೆ ಅದು. ಹೊಸಬರು ಅದನ್ನು ದೋಷವೆಂದುಕೊಳ್ಳುತ್ತಾರೆ. ಒಗ್ಗಿಕೊಂಡವರಿಗೆ ಎಂಜಿನ್ ಜೀವಂತವಾಗಿದೆ ಎನ್ನುವುದಕ್ಕೆ ಅದೇ ಗುರುತು.

ಇದೆಲ್ಲ ಅತಿಯಾದರೆ ಆರಾಮವನ್ನು ತಿಂದುಹಾಕುತ್ತದೆ ಎಂಬುದೂ ಅಷ್ಟೇ ನಿಜ. ದೊಡ್ಡ ಸಿಂಗಲ್ ಸಿಲಿಂಡರ್ ಬೈಕನ್ನು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆ. ಜೋಮು ಹಿಡಿದ ಬೆರಳಿಗೆ ಎಂಜಿನ್ ಏನು ಹೇಳಿದರೂ ತಲುಪುವುದಿಲ್ಲ. ಹೇಳುವುದಕ್ಕೂ ಕಿರುಚುವುದಕ್ಕೂ ನಡುವೆ ಒಂದು ಹದವಿದೆ, ಅದು ಒಬ್ಬೊಬ್ಬ ಸವಾರನಿಗೆ ಒಂದೊಂದು ಕಡೆ.

ಕಂದು ತಿರುಗಿದ ಕನೆಕ್ಟರ್

ಬಾಳಿಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಒಂದು ಸಂಜೆ. ಯಾವ ಕಂಪನಿಯ ಬೈಕ್ ಎಂಬುದು ಇಲ್ಲಿ ಮುಖ್ಯವಲ್ಲ. ಅಂಥ ಜೋಡಣೆ ಬಹಳಷ್ಟು ಬೈಕುಗಳಲ್ಲಿದೆ. ಊರುಗಳಿಂದ ದೂರ, ಎರಡೂ ಕಡೆ ಬರೀ ಕುರುಚಲು ಗಿಡ. ಹ್ಯಾಂಡಲಿಗೆ ನಾನೇ ಕಟ್ಟಿಕೊಂಡಿದ್ದ ಪುಟ್ಟ ವೋಲ್ಟ್‌ಮೀಟರ್ ದಿನವಿಡೀ 14.2ರ ಆಸುಪಾಸಿನಲ್ಲಿತ್ತು. ಸಂಜೆ ನೋಡಿದಾಗ 12.6. ಸ್ವಲ್ಪ ದೂರ ಹೋಗುವಷ್ಟರಲ್ಲಿ 12.3. ಓಡುತ್ತಿರುವ ಎಂಜಿನಿನಲ್ಲಿ ಹೀಗೆ ಇಳಿಯುತ್ತಿದೆ ಎಂದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಇರುವುದನ್ನೇ ತಿಂದುಕೊಂಡು ಸಾಗುತ್ತಿದೆ. ಬೆಳಕಿರುವಾಗಲೇ ನಿಲ್ಲಿಸಿದೆ. ಸೀಟು ಬಿಚ್ಚಿ, ಪಕ್ಕದ ಫಲಕ ತೆಗೆದು, ವಿದ್ಯುತ್ ಹುಟ್ಟಿಸುವ ಸ್ಟೇಟರಿನಿಂದ ಅದನ್ನು ಬ್ಯಾಟರಿಗೆ ಹದಗೊಳಿಸುವ ರೆಗ್ಯುಲೇಟರಿಗೆ ಹೋಗುವ ಮೂರು ಹಳದಿ ತಂತಿಗಳನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋದೆ. ನಡುವೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕನೆಕ್ಟರ್. ಬಿಳಿಯಿರಬೇಕಾದದ್ದು ಒಂದು ಮೂಲೆಯಲ್ಲಿ ಕಂದು ತಿರುಗಿ, ಕರಗಿ, ಜೋಡಿಯಾಗಿ ಅಂಟಿಕೊಂಡಿತ್ತು. ಸುಟ್ಟ ವಾಸನೆ. ಒಂದು ಪಿನ್ನಿನ ಹಿಡಿತ ಸಡಿಲವಾಗಿ, ಸಡಿಲವಾದಲ್ಲಿ ಬಿಸಿಯಾಗಿ, ಬಿಸಿಯಾದಲ್ಲಿ ಇನ್ನಷ್ಟು ಸಡಿಲವಾಗಿ ಕೊನೆಗೆ ಸಂಪರ್ಕವೇ ತಪ್ಪಿತ್ತು. ಕನೆಕ್ಟರನ್ನು ಕತ್ತರಿಸಿ ಎಸೆದು, ಮೂರು ಜೊತೆ ತಂತಿಗಳ ತುದಿ ಸುಲಿದು, ಹೆಣೆದು, ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿದೆ. ಸ್ಟೇಟರಿನ ಆ ಮೂರು ತಂತಿಗಳಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಿದರೂ ನಡೆಯುತ್ತದೆ, ಮೂರೂ ಒಂದೇ ಬಗೆಯ ಪರ್ಯಾಯ ವಿದ್ಯುತ್ತನ್ನು ತರುವಂಥವು. ಎಂಜಿನ್ ಚಾಲೂ ಮಾಡಿ ಸ್ವಲ್ಪ ಥ್ರಾಟಲ್ ಕೊಟ್ಟಾಗ ಮೀಟರ್ 14ಕ್ಕೆ ಏರಿತು. ಆ ಅಂಕಿಯನ್ನು ನೋಡಿ ನನಗಾದ ಸಂತೋಷ ದೊಡ್ಡದು.

ಅಂಕಪಟ್ಟಿಯ ಪ್ರಕಾರ ಆ ಬೈಕ್ ಅಂದು ಕೈಕೊಟ್ಟಿತ್ತು. ನನ್ನ ಲೆಕ್ಕದಲ್ಲಿ ಅದು ನನ್ನನ್ನು ಊರು ಮುಟ್ಟಿಸಿದ ಬೈಕ್. ಕೆಡುವ ಮೊದಲು ಸೂಚನೆ ಸಿಕ್ಕಿತು, ಎಲ್ಲಿ ಕೆಟ್ಟಿದೆ ಎಂಬುದು ಕಣ್ಣಿಗೆ ಕಂಡಿತು, ಕೈಯಲ್ಲಿದ್ದ ಸಲಕರಣೆಯಲ್ಲೇ ಸರಿಹೋಯಿತು. ಬಾಳಿಕೆಯನ್ನು ಕೆಟ್ಟ ಸಲಗಳ ಎಣಿಕೆಯಿಂದಷ್ಟೇ ಅಳೆಯುವವರು ಈ ಮೂರನ್ನೂ ಬಿಟ್ಟುಬಿಡುತ್ತಾರೆ.

ಹಳೆಯ ಬೈಕುಗಳ ಸವಾರರಿಗೆ ಇದು ಚೆನ್ನಾಗಿ ಗೊತ್ತು. ಕವಾಸಾಕಿ ಕೆಎಲ್‌ಆರ್650 1987ರಿಂದ ಎರಡು ದಶಕ ಹೆಚ್ಚೇನೂ ಬದಲಾಗದೆ ಮಾರಾಟವಾಯಿತು. ಅದರೊಳಗೆ ಎಂಜಿನಿನ ಅದುರಾಟ ತಗ್ಗಿಸುವ ಬ್ಯಾಲೆನ್ಸರಿನ ಚೈನನ್ನು ಬಿಗಿಯಾಗಿಡುವ ಒಂದು ಪುಟ್ಟ ಲಿವರ್ ಇದೆ. ಅದು ಮುರಿಯಬಹುದು, ಮುರಿದರೆ ಎಂಜಿನಿಗೆ ಅಪಾಯ. ಸವಾರರು ಅದನ್ನು ಮುಚ್ಚಿಡಲಿಲ್ಲ. ಅದಕ್ಕೊಂದು ಮುದ್ದಿನ ಹೆಸರಿಟ್ಟರು, ಗಟ್ಟಿಯಾದ ಬದಲಿ ಲಿವರ್ ತಯಾರಾಯಿತು, ಅದನ್ನು ಹಾಕಿಕೊಂಡು ಖಂಡಗಳನ್ನು ದಾಟಿದರು. 1990ರಲ್ಲಿ ಬಂದ ಹೋಂಡಾ ಎಕ್ಸ್‌ಆರ್‌ವಿ750 ಆಫ್ರಿಕಾ ಟ್ವಿನ್ ಗಟ್ಟಿಮುಟ್ಟು ಎಂಬುದಕ್ಕೆ ಇನ್ನೊಂದು ಹೆಸರು. ಅದರಲ್ಲೂ ಇಂಧನ ಪಂಪಿನ ಪಾಯಿಂಟ್‌ಗಳು ಸವೆದು ಬೈಕ್ ನಿಲ್ಲುವುದುಂಟು, ತಿಳಿದವರು ಬದಲಿ ಪಂಪನ್ನು ಸಾಮಾನಿನ ಜೊತೆಗೇ ಒಯ್ಯುತ್ತಾರೆ. ದೋಷವೇ ಇಲ್ಲದ ಯಂತ್ರಕ್ಕಿಂತ ದೋಷ ಯಾವುದೆಂದು ಗೊತ್ತಿರುವ ಯಂತ್ರದ ಮೇಲೆ ನನಗೆ ಹೆಚ್ಚು ನಂಬಿಕೆ, ಏಕೆಂದರೆ ಮೊದಲನೆಯದನ್ನು ನಾನು ಎಲ್ಲಿಯೂ ಕಂಡಿಲ್ಲ.

ಹಾಗೆಂದು ಹೊಸದೆಲ್ಲ ಕೆಟ್ಟದ್ದು ಎನ್ನುವವರ ಗುಂಪಿಗೆ ನಾನು ಸೇರಿಲ್ಲ. ಕಾರ್ಬ್ಯುರೇಟರ್ ಕಾಲದ ಬೈಕುಗಳು ಎತ್ತರದ ಕಣಿವೆಗಳಲ್ಲಿ ಉಸಿರುಗಟ್ಟುತ್ತಿದ್ದವು, ಇಂಧನ ಇಂಜೆಕ್ಷನ್ ಬಂದ ಮೇಲೆ ಆ ಗೋಳು ತೀರಿತು. ವಾಲ್ವ್ ಅಂತರ ಪರೀಕ್ಷೆಯನ್ನೇ ನೋಡಿ: ಆಫ್ರಿಕಾ ಟ್ವಿನ್‌ಗೆ 24,000 ಕಿಲೋಮೀಟರಿಗೊಮ್ಮೆ, ಡುಕಾಟಿ ಮಲ್ಟಿಸ್ಟ್ರಾಡಾ ವಿ4ಕ್ಕೆ 60,000 ಕಿಲೋಮೀಟರಿಗೊಮ್ಮೆ. ಡುಕಾಟಿಯವರು ಇದಕ್ಕಾಗಿ ವಾಲ್ವ್‌ಗಳನ್ನು ಸ್ಪ್ರಿಂಗಿನ ಬದಲು ಲಿವರ್‌ಗಳಿಂದ ಮುಚ್ಚುವ ತಮ್ಮ ಹೆಮ್ಮೆಯ ಡೆಸ್ಮೋಡ್ರಾಮಿಕ್ ವ್ಯವಸ್ಥೆಯನ್ನೇ ಆ ಎಂಜಿನಿನಲ್ಲಿ ಬಿಟ್ಟುಕೊಟ್ಟು ಸಾಮಾನ್ಯ ಸ್ಪ್ರಿಂಗ್‌ಗಳಿಗೆ ಬಂದರು. ವ್ಯಕ್ತಿತ್ವದ ಒಂದು ಭಾಗವನ್ನು ಬಾಳಿಕೆಗಾಗಿ ತ್ಯಜಿಸಿದ ಆ ನಿರ್ಧಾರದ ಮೇಲೆ ನನಗೆ ಗೌರವವಿದೆ. ಆದರೆ 60,000 ಕಿಲೋಮೀಟರಿನ ನಂತರ ಆ ಕೆಲಸ ಮಾಡಲು ಬೈಕನ್ನು ಎಷ್ಟು ಬಿಚ್ಚಬೇಕು? ಬಾಕ್ಸರಿನ ಸಿಲಿಂಡರ್‌ಗಳು ಎರಡು ಕಡೆ ಹೊರಚಾಚಿವೆ. ಮುಚ್ಚಳದ ಬೋಲ್ಟ್‌ಗಳನ್ನು ಬಿಚ್ಚಿದರೆ ವಾಲ್ವ್‌ಗಳು ಕಣ್ಣೆದುರಿಗೆ. ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಯ ಜೊತೆಗೆ ಎಷ್ಟು ಸುಲಭ ಎಂಬುದನ್ನೂ ಕೇಳಬೇಕು.

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್ ಜೀವ ಉಳಿಸುತ್ತದೆ, ಅದಿಲ್ಲದ ಭಾರದ ಬೈಕನ್ನು ಮಳೆಯಲ್ಲಿ ಓಡಿಸಲು ನನಗೆ ಮನಸ್ಸಿಲ್ಲ. ಆದರೆ ಕೀಲಿಯೇ ಇಲ್ಲದೆ ಜೇಬಿನಲ್ಲಿನ ಫೋಬಿನಿಂದ ಚಾಲೂ ಆಗುವ ಬೈಕ್, ಆ ಫೋಬ್ ನೀರಿಗೆ ಬಿದ್ದ ದಿನ ಏನೂ ಹೇಳುವುದಿಲ್ಲ. ಪರದೆಯ ಮೇಲೆ ಒಂದು ಹಳದಿ ಚಿಹ್ನೆ ಮೂಡುತ್ತದೆ, ಅಷ್ಟೆ. ಕಾರಣವನ್ನು ಬೈಕ್ ಬಲ್ಲದು, ಸವಾರನಿಗೆ ಹೇಳದು. ಈಗ ಪುಟ್ಟ ಬ್ಲೂಟೂತ್ ರೀಡರ್ ಒಂದನ್ನು ಜೊತೆಗಿಟ್ಟುಕೊಂಡು ಮೊಬೈಲಿನಲ್ಲೇ ದೋಷದ ಸಂಕೇತ ಓದುವವರಿದ್ದಾರೆ. ಸ್ಪ್ಯಾನರ್ ಇಡುವ ಚೀಲದಲ್ಲಿ ಅದಕ್ಕೂ ಈಗ ಜಾಗವಿದೆ.

ತೂಕ

ಇಷ್ಟು ಹೊತ್ತು ತೂಕದ ಮಾತೆತ್ತಲಿಲ್ಲ, ಏಕೆಂದರೆ ಅದು ಮೂರೂ ಅಂಕಣಗಳನ್ನು ಒಟ್ಟಿಗೆ ಕದಡುತ್ತದೆ. ಬಿಎಂಡಬ್ಲ್ಯು ಆರ್1250ಜಿಎಸ್ ಅಡ್ವೆಂಚರ್ 30 ಲೀಟರ್ ಪೆಟ್ರೋಲ್ ಹೊತ್ತು 268 ಕಿಲೋ ತೂಗುತ್ತದೆ. ಟೆನೆರೆ 700 ಟ್ಯಾಂಕಿನಲ್ಲಿ ಹಿಡಿಯುವುದು 16 ಲೀಟರ್, ತೂಕ 204 ಕಿಲೋದ ಆಸುಪಾಸು. ಮೊದಲನೆಯದು ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಜಗ್ಗುವುದಿಲ್ಲ, ಅದರ ಮೇಲೆ ದಿನ ಮುಗಿದಾಗ ಮೈ ಹಗುರವಾಗಿಯೇ ಇರುತ್ತದೆ. ಆದರೆ ಒಬ್ಬಂಟಿಯಾಗಿ ಮರಳಿನಲ್ಲಿ ಅದು ಮಲಗಿದ ದಿನ, ಅದರ ಬೆನ್ನಿಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ಕಾಲಿನ ಬಲದಿಂದ ಎತ್ತುತ್ತಾ ನಿಂತಾಗ ಹೆದ್ದಾರಿಯ ಸುಖವೆಲ್ಲ ಮರೆತುಹೋಗುತ್ತದೆ. ಅದೇ ಬಾಕ್ಸರ್ ಪೂರ್ತಿ ಮಲಗದೆ ಹೊರಚಾಚಿದ ಸಿಲಿಂಡರಿನ ಮೇಲೆ ಒರಗುವುದರಿಂದ ಎತ್ತಲು ಅಷ್ಟಿಷ್ಟು ಸಲೀಸು ಎಂಬುದನ್ನೂ ಹೇಳಬೇಕು. ಟೆನೆರೆ ಹಗುರ, ಆದರೆ ಸೀಟು 875 ಮಿಲಿಮೀಟರ್ ಎತ್ತರದಲ್ಲಿದೆ; ಕಾಲು ನೆಲಕ್ಕೆ ಸಾಲದವರಿಗೆ ಬೀಳಲು ಅದಷ್ಟೇ ಸಾಕು.

ಮರುಭೂಮಿಯ ರ‍್ಯಾಲಿಗಳಿಂದ ಹುಟ್ಟಿದ ಕುಲ ಇದು. 1980ರಲ್ಲಿ ಬಿಎಂಡಬ್ಲ್ಯು ಆರ್80ಜಿ/ಎಸ್ ಬಂತು, ಮರುವರ್ಷವೇ ಯೂಬೆರ್ ಓರಿಯೋಲ್ ಬಿಎಂಡಬ್ಲ್ಯು ಮೇಲೆ ಪ್ಯಾರಿಸ್–ಡಾಕರ್ ಗೆದ್ದರು. 1986ರಿಂದ 1989ರವರೆಗೆ ಸತತ ನಾಲ್ಕು ಸಲ ಹೋಂಡಾ ಎನ್‌ಎಕ್ಸ್‌ಆರ್750 ಗೆದ್ದಿತು, ಅದರ ನೆರಳಿನಲ್ಲಿ ಆಫ್ರಿಕಾ ಟ್ವಿನ್ ಹುಟ್ಟಿತು. ಆ ಬೈಕುಗಳ ಹಿಂದೆ ಮೆಕ್ಯಾನಿಕ್‌ಗಳ ದಂಡು, ಬಿಡಿಭಾಗಗಳ ಲಾರಿ ಇರುತ್ತಿದ್ದವು ಎಂಬುದು ಜಾಹೀರಾತುಗಳಲ್ಲಿ ಕಾಣುವುದಿಲ್ಲ. ನಮ್ಮ ಹಿಂದೆ ಯಾರೂ ಇರುವುದಿಲ್ಲ.

ಪೆಟ್ಟಿಗೆಗಳ ಬಗ್ಗೆಯೂ ಒಂದು ಮಾತು. ಅಲ್ಯೂಮಿನಿಯಂ ಪೆಟ್ಟಿಗೆ, ಅದರ ಚೌಕಟ್ಟು, ಮೇಲೊಂದು ಡಬ್ಬ ಎಲ್ಲ ಸೇರಿ ಸೀಟನ್ನು ಹೊರುವ ಹಿಂದಿನ ಸಬ್‌ಫ್ರೇಮಿನ ಮೇಲೆ ಬೀಳುವ ಭಾರ, ಗುಂಡಿ ಬಿದ್ದ ದಾರಿಯಲ್ಲಿ ಪ್ರತಿ ಕುಲುಕಿಗೂ ಹಲವು ಪಟ್ಟಾಗುತ್ತದೆ. ಗಟ್ಟಿ ಎಂದು ಹೆಸರು ಪಡೆದ ಬೈಕುಗಳ ಸಬ್‌ಫ್ರೇಮ್ ಬಿರುಕು ಬಿಟ್ಟಿರುವುದು ಬಹುಪಾಲು ಹೀಗೆಯೇ. ಮೆತ್ತನೆಯ ಚೀಲಗಳಿಗೆ ಬದಲಾದ ಮೇಲೆ ನನ್ನ ಬೈಕ್ ಒಂದು ಹಂತ ಹಗುರವಾಯಿತು, ಜಲ್ಲಿಯಲ್ಲಿ ಕಾಲು ಕೆಳಗಿಟ್ಟಾಗ ಪೆಟ್ಟಿಗೆಯ ಮೂಲೆ ಮೀನಖಂಡಕ್ಕೆ ಬಡಿಯುವ ಭಯವೂ ಹೋಯಿತು.

ನನ್ನನ್ನು ಇಂದು ಯಾರಾದರೂ ಕೇಳಿದರೆ 700–900 ಸಿಸಿಯ, ಎರಡು ಸಿಲಿಂಡರಿನ, 220 ಕಿಲೋ ಮೀರದ ಬೈಕುಗಳ ಕಡೆಗೇ ಕೈ ತೋರಿಸುತ್ತೇನೆ. ಕೊಳ್ಳುವ ಮೊದಲು ಟ್ಯಾಂಕ್ ತುಂಬಿಸಿ, ಬಳಸುವ ಹೆಲ್ಮೆಟ್ಟನ್ನೇ ಹಾಕಿಕೊಂಡು, ಕನಿಷ್ಠ ಅರ್ಧ ದಿನ ಓಡಿಸಿ ನೋಡಲಿ ಎನ್ನುತ್ತೇನೆ. ಬಾಡಿಗೆಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಸೀಟಿನ ಕೆಳಗೆ ಬ್ಯಾಟರಿಗೆ ಕೈ ತಲುಪುತ್ತದೆಯೇ, ಏರ್ ಫಿಲ್ಟರ್ ತೆಗೆಯಲು ಟ್ಯಾಂಕ್ ಬಿಚ್ಚಬೇಕೇ, ಹಿಂದಿನ ಚಕ್ರವನ್ನು ಜೊತೆಗೆ ಬರುವ ಸಲಕರಣೆಯಿಂದಲೇ ಕಳಚಬಹುದೇ ಎಂದು ನೋಡಲಿ. ಟೆನೆರೆಯಲ್ಲಿ ಟೈರಿನೊಳಗೆ ಟ್ಯೂಬ್ ಇದೆ, ಪಂಕ್ಚರ್ ಆದರೆ ಚಕ್ರ ಬಿಚ್ಚದೆ ಗತಿಯಿಲ್ಲ. ಟ್ಯೂಬ್‌ಲೆಸ್ ಟೈರ್ ಆದರೆ ಹೊರಗಿನಿಂದಲೇ ಪ್ಲಗ್ ತುರುಕಿ ಮುಂದೆ ಹೋಗಬಹುದು. ನನ್ನ ಮಟ್ಟಿಗೆ ಇದು ಹತ್ತಿಪ್ಪತ್ತು ಅಶ್ವಶಕ್ತಿಗಿಂತ ಮುಖ್ಯ.

ಚೈನ್ ಮಾತ್ರ ಇಂದಿಗೂ ನನ್ನನ್ನು ಕಾಡುತ್ತದೆ. ಮಳೆಯಲ್ಲಿ ನೆನೆದು ಬಂದ ದಿನ, ಮೈಕೈ ನೋಯುತ್ತಿರುವಾಗ ಮತ್ತೆ ಮಂಡಿಯೂರಿ ಕೂತು ಕೆಸರು ತೊಳೆದು ಎಣ್ಣೆ ಹಾಕುವಾಗ ಚೈನಿನ ಬದಲು ಚಕ್ರವನ್ನು ತಿರುಗಿಸುವ ಶಾಫ್ಟ್ ಇದ್ದಿದ್ದರೆ ಎನ್ನಿಸದೆ ಇರದು. ಮೋಟೋ ಗುಜ್ಜಿ ವಿ85 ಟಿಟಿ ಅದಕ್ಕೇ ನನ್ನ ಕಣ್ಣಲ್ಲಿ ಕೂತಿದೆ: 853 ಸಿಸಿ, ಗಾಳಿಯಿಂದಲೇ ತಣಿಯುವ ಎಂಜಿನ್, 23 ಲೀಟರ್ ಟ್ಯಾಂಕ್, ಶಾಫ್ಟ್, ಎರಡು ಕಡೆ ಹೊರಚಾಚಿದ ಸಿಲಿಂಡರ್‌ಗಳು, ಸ್ಪ್ಯಾನರ್ ಹಿಡಿದು ಸ್ಕ್ರೂ ತಿರುಗಿಸಿ ಹೊಂದಿಸಬಹುದಾದ ವಾಲ್ವ್‌ಗಳು. ನಾನು ಹಾಕಿದ ತೂಕದ ಮಿತಿಯನ್ನು ಅದು ಸ್ವಲ್ಪ ಮೀರುತ್ತದೆ, ಶಕ್ತಿ 80 ಅಶ್ವಶಕ್ತಿಯ ಆಸುಪಾಸು, ಒರಟು ದಾರಿಯಲ್ಲಿ ಟೆನೆರೆಯ ಸಸ್ಪೆನ್ಷನ್ ಅದಕ್ಕಿಲ್ಲ. ಗಟ್ಟಿ ಡಾಂಬರಿನ ಮೇಲೆ ಅದನ್ನು ಓಡಿಸಿ ಮೆಚ್ಚಿದ್ದೇನೆ. ಒದ್ದೆ ಮಣ್ಣಿನ ಏರೊಂದರಲ್ಲಿ, ಸಾಮಾನು ಹೊರಿಸಿ, ಎರಡನೇ ಗೇರಿನಲ್ಲಿ ಅದು ಏನು ಹೇಳುತ್ತದೆ ಎಂದು ಕೇಳುವುದಷ್ಟೇ ಬಾಕಿಯಿದೆ.